ಅವ್ವನ ಕರಾರು, ಅಳಿವೆಯ ಮರಿ

ಸಮುದ್ರವೇ ಇಲ್ಲದ ಪುಣೆಯಲ್ಲಿ ಕೂತು ಸಮುದ್ರದ ಮೀನಿನ ಮರಿಗಳ ಮೈಕಟ್ಟು ನೋಡುವುದು ನನ್ನ ಕೆಲಸ ಎಂದರೆ ನಮ್ಮ ಸದಾಶಿವ ಪೇಠೆಯ ಬಳಗದಲ್ಲಿ ಯಾರೂ ನಂಬುತ್ತಿರಲಿಲ್ಲ. ನಂಬಿದವರು ಮೂಗು ಮುರಿಯುತ್ತಿದ್ದರು. ವಿಜಯಪುರದ ಕಡೆಯಿಂದ ಬಂದು ಮೂರು ತಲೆಮಾರಿನಿಂದ ಇಲ್ಲಿ ಅರಿವೆ ಅಂಗಡಿ ಇಟ್ಟುಕೊಂಡ, ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆತನ ನಮ್ಮದು. ತತ್ತಿ ಎಂಬ ಮಾತನ್ನೂ ದನಿ ತಗ್ಗಿಸಿ ಆಡುವವರು. ಅಂಥ ಮನೆಯ ಹುಡುಗಿ ಥರ್ಮಾಕೋಲ್ ಪೆಟ್ಟಿಗೆಯಿಂದ ಸತ್ತ ಮರಿಗಳನ್ನು ಎತ್ತಿ, ನೀರು ಒರೆಸಿ, ಮೂತಿಯಿಂದ ಬಾಲದ ತನಕ ಅಳೆದು, ತಕ್ಕಡಿಗೆ ಹಾಕಿ ಬರೆದುಕೊಳ್ಳುತ್ತಾಳೆ ಎಂದರೆ ಅವರಿಗಾದರೂ ಹೇಗೆ ಜೀರ್ಣವಾಗಬೇಕು?

ಅವ್ವ ಮಾತ್ರ ನನ್ನ ಕೆಲಸಕ್ಕೆ ತಾನೇ ಒಂದು ಹುದ್ದೆ ಹುಡುಕಿ ಕೊಟ್ಟಿದ್ದಳು. "ನಮ್ಮಕಿ ಮೀನಿನ ಅಂಗನವಾಡಿ ಟೀಚರ್ ಅದಾಳ್ರಿ," ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. "ಕೂಸಿನ ಉದ್ದ ನೋಡೂದು, ತೂಕ ನೋಡೂದು, ಬರಕೊಳ್ಳೂದು. ಒಂದು ತುತ್ತು ಉಪ್ಪಿಟ್ಟು ಮಾತ್ರ ಹಂಚೂದಿಲ್ಲ ನೋಡ್ರಿ!"

ನಗೆಯಾಡಲಿ, ಆದರೆ ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಕಡಲಲ್ಲಿ ಮರಿಗಳಿಗೆ ಯಾರೂ ತಟ್ಟೆ ಇಟ್ಟು ಉಣಿಸುವುದಿಲ್ಲ. ಅವು ಉಂಡಿವೆಯೋ ಉಪವಾಸವೋ ಎಂದು ತಿಳಿಯಬೇಕಾದರೆ ತೂಕವನ್ನು ಉದ್ದದಿಂದ ಮೂರು ಸಲ ಭಾಗಿಸಿ ನೋಡುತ್ತೇವೆ. ಬಂದ ಅಂಕೆ ದೊಡ್ಡದಿದ್ದರೆ ಮರಿ ಮೈ ತುಂಬಿಕೊಂಡಿದೆ, ಸಣ್ಣದಿದ್ದರೆ ಸೊರಗಿದೆ. ಸೊರಗಿದ ಮರಿ ಬೆಳೆದು ದೊಡ್ಡ ಮೀನಾಗುವುದು ಕಷ್ಟ. ಇಷ್ಟೇ ನನ್ನ ವಿದ್ಯೆ.

ಈ ವಿದ್ಯೆಗೆ ಸೇರುವ ದಿನ ಅವ್ವ ಒಂದು ಕರಾರು ಹಾಕಿದ್ದಳು. "ಸತ್ತದ್ದನ್ನ ಅಳೀ, ತೂಗು, ಏನರೆ ಮಾಡು. ಚಾಕು ಮುಟ್ಟಸಬ್ಯಾಡ. ಇಷ್ಟು ನಡಿಸಿಕೊಡು ನನಗ." ನಾನು ಆಯಿತು ಎಂದೆ. ಲ್ಯಾಬಿನಲ್ಲಿ ನನ್ನ ಗೈಡ್ ಸರ್, ಹೊಟ್ಟೆ ಕೊಯ್ದು ಒಳಗಿನದನ್ನು ತೆಗೆದ ಮೇಲೆ ಇನ್ನೊಂದು ಸಲ ತೂಗಬೇಕು ಎಂದರು. ಇಡೀ ಮೀನಿನ ತೂಕವೂ ನಡೆಯುತ್ತದೆ ಎಂದು ನಾನು ಪುಸ್ತಕದ ಪುಟ ತೆಗೆದು ತೋರಿಸಿದೆ. ವಾದ ಮಾಡುವುದೆಂದರೆ ನನಗೆ ಹೋಳಿಗೆ ಊಟ. ಸರ್ ಮರಾಠಿಯಲ್ಲಿ "ಬರಂ, ಬಘೂ", ಆಯ್ತು ನೋಡೋಣ, ಎಂದು ಕೈ ಚೆಲ್ಲಿದರು. ಅವ್ವನೂ ಗೆದ್ದಳು, ನಾನೂ ಗೆದ್ದೆ ಎಂದು ಹಿಗ್ಗಿದ್ದೇ ಹಿಗ್ಗಿದ್ದು.

ಮರಿಗಳು ಬರುತ್ತಿದ್ದುದು ಕಾರವಾರದ ಕಡೆಯ ಒಂದು ಅಳಿವೆಯಿಂದ, ಎಂದರೆ ಹೊಳೆ ಕಡಲಿಗೆ ಸೇರುವ ಬಾಯಿಯಿಂದ. ಪುಣೆಯ ಮೀನು ಪೇಟೆಯಲ್ಲಿ ಬೋಯ್ ಎನ್ನುವ ಜಾತಿ. ಕಡಲಲ್ಲಿ ಹುಟ್ಟಿ, ಎಳೆಯದರಲ್ಲಿ ಅಳಿವೆಗೆ ಬಂದು ಕೆಸರು ಮೇಯುತ್ತವೆ. ಅಲ್ಲಿನ ಒಬ್ಬ ಮೀನುಗಾರರು ತಿಂಗಳಿಗೊಂದು ಪೆಟ್ಟಿಗೆ ಮಂಜುಗಡ್ಡೆಯಲ್ಲಿಟ್ಟು ಬಸ್ಸಿಗೆ ಹಾಕಿ ಕಳಿಸುತ್ತಿದ್ದರು. ಐವತ್ತು ದಾಟಿದ ಮನುಷ್ಯ, ಮಾತು ಕಡಿಮೆ. ಅಳಿವೆಯಲ್ಲಿ ಮರಳು ತೆಗೆಯುವ ದೋಣಿಗಳು ಬಂದಾಗಿನಿಂದ ಮರಿಗಳು ಸಪೂರ ಆಗಿವೆ, ಮರಿ ಬರುವ ತಿಂಗಳುಗಳಲ್ಲಾದರೂ ಮರಳು ತೆಗೆಯುವುದನ್ನು ನಿಲ್ಲಿಸಿ ಎಂದು ಅವರೊಬ್ಬರೇ ಊರಿನ ಸಭೆಯಲ್ಲಿ ಎದ್ದು ನಿಂತು ಹೇಳಿದ್ದರು. ಸಭೆ, ಪುಣೆಯವರು ಬರೆದು ಕೊಡಲಿ ನೋಡೋಣ ಎಂದಿತು. ನಾನು ಅಂಕೆ ನೋಡಿದೆ. ಚೆನ್ನಾಗಿಯೇ ಇತ್ತು. "ಮರಿಗಳ ಮೈಕಟ್ಟು ಉತ್ತಮವಾಗಿದೆ" ಎಂದು ಬರೆದು, ದೊಡ್ಡ ಸಹಿ ಎಳೆದು ಕಳಿಸಿದೆ.

ಮುಂದಿನ ಪೆಟ್ಟಿಗೆಯ ಜೊತೆ ಅವರೇ ಬಂದರು. ಭಾನುವಾರ ಬೆಳಿಗ್ಗೆ ಸ್ವಾರ್‌ಗೇಟ್‌ ಬಸ್ ನಿಲ್ದಾಣದಿಂದ ಫೋನು. ಲ್ಯಾಬಿಗೆ ಬೀಗ. ಮನೆಗೇ ಬನ್ನಿ ಎಂದುಬಿಟ್ಟೆ. ಅವರು ಬಂದರೆ ಪೆಟ್ಟಿಗೆಯೂ ಬರುತ್ತದೆ ಎಂಬುದು ನನ್ನ ಡಾಕ್ಟರೇಟ್ ತಲೆಗೆ ಹೊಳೆಯಲಿಲ್ಲ! ವಾಸನೆ ಬಡಿದು ಮೂರು ರಿಕ್ಷಾದವರು "ನಕೋ, ನಕೋ" ಎಂದರಂತೆ. ಪೆಟ್ಟಿಗೆ ಹೆಗಲ ಮೇಲಿಟ್ಟುಕೊಂಡು ನಡೆದೇ ಬಂದು, ನೀರು ತೊಟ್ಟಿಕ್ಕಿಸುತ್ತ ನಮ್ಮ ಎರಡನೇ ಮಾಳಿಗೆಯ ಬಾಗಿಲಲ್ಲಿ ನಿಂತರು.

ಅವ್ವ ಪೆಟ್ಟಿಗೆ ನೋಡಿದಳು, ನನ್ನನ್ನು ನೋಡಿದಳು. ಆ ನೋಟದ ಬಾಕಿ ಸಂಜೆ ತೀರಿಸುತ್ತಾಳೆ ಎಂದು ಗೊತ್ತಾಯಿತು. ಆದರೆ ಬಾಗಿಲಿಗೆ ಬಂದವರು ಬಂದವರೇ. "ಬರ್ರಿ, ಒಳಗ ಬರ್ರಿ. ಅದು ಅಲ್ಲೇ ಮೆಟ್ಟಲ ಮ್ಯಾಲ ಇರಲಿ. ಅದಕ್ಕೇನು ಹಸಿವಿಲ್ಲ," ಎಂದು ಕೈಕಾಲಿಗೆ ನೀರು ಕೊಟ್ಟಳು. ಬಿಸಿ ರೊಟ್ಟಿ, ಎಣ್ಣೆಗಾಯಿ ಬಡಿಸಿದಳು.

ಎರಡು ರೊಟ್ಟಿ ಮುಗಿದ ಮೇಲೆ ಅವರು ಬಾಯಿ ಬಿಟ್ಟರು. "ಸಭೆಯಲ್ಲಿ ನಿಮ್ಮ ಕಾಗದ ಓದಿದ್ರು ಮೇಡಂ. ಎಲ್ಲಾ ನಕ್ಕರು. ಈಗ ದಾರಿಯಲ್ಲಿ ಸಿಕ್ಕಿದವರೆಲ್ಲ, ನಿನ್ನ ಮರಿ ಏನು ತಿಂದು ದುಂಡಗಾದವೋ ಅಂತ ಕೇಳ್ತಾರೆ. ನನ್ನ ಮಗಳೂ ಬಾಯಿಗೆ ಸೆರಗು ಅಡ್ಡ ಹಿಡಿದು ನಗ್ತಾಳೆ. ನಲವತ್ತು ವರ್ಷ ಬಲೆ ಬಿಟ್ಟವ ನಾನು. ಈಗ ನಾನು ಏನು ಹೇಳಿದ್ರೂ ಯಾರೂ ಕೇಳೂದಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. "ಅಂಕೆ ಸುಳ್ಳು ಹೇಳೂದಿಲ್ಲರೀ," ಎಂದೆ.

"ಅಂಕೆ ನನಗೆ ಗೊತ್ತಿಲ್ಲ. ನಾನು ಬೆನ್ನು ಹಿಡಿದು ನೋಡ್ತೇನೆ. ಮಾಂಸ ಸಿಗೂದಿಲ್ಲ, ಮುಳ್ಳೇ ಸಿಗ್ತದೆ."

ನಾನು ನನ್ನ ತಟ್ಟೆಯ ರೊಟ್ಟಿ ಮುರಿಯತೊಡಗಿದೆ. ಮೀನಿನ ಮಾಂಸ ಎಲ್ಲಿರುತ್ತದೆ ಎಂದು ನನ್ನ ಕೈಗೆ ಗೊತ್ತಿದ್ದರಲ್ಲವೇ ವಾದ ಮಾಡುವುದು? ಅಷ್ಟರಲ್ಲಿ ಅವ್ವ ಪಲ್ಯದ ಚಮಚ ಹಿಡಿದು ಅವರನ್ನು ಕೇಳಿದಳು: "ಅವು ಏನ್ ತಿಂತಾವ್ರಿ?"

"ಕೆಸರು ಅಮ್ಮಾ. ಅದರಲ್ಲಿರೋ ಪಾಚಿ ಅವಕ್ಕೆ ಬೇಕು. ಮರಳೂ ಹೊಟ್ಟೆಗೆ ಹೋಗ್ತದೆ. ಈಗ ನೀರು ಕದಡಿ ಪಾಚಿ ಕಡಿಮೆ, ಬರೀ ಮರಳೇ ಜಾಸ್ತಿ."

ಅವ್ವ ನನ್ನ ಕಡೆ ತಿರುಗಿದಳು. "ಮರಳಿಗೆ ತೂಕ ಇರೂದಿಲ್ಲೇನು?"

ಬಾಯಿಗೆ ಒಯ್ದಿದ್ದ ತುತ್ತನ್ನು ತಟ್ಟೆಗೆ ಇಟ್ಟೆ.

"ಹೊಟ್ಟಿ ತುಂಬಿದ್ರ ಮೈಗೆ ಹತ್ತಿದಂಗ ಆತೇನ? ಮೂರು ವರ್ಷದಾಕಿ ಇದ್ದಾಗ ನಿನಗ ಹೊಟ್ಟಿ ತುಂಬ ಜಂತು ಆಗಿದ್ದುವು. ಕೂಸು ಭಾಳ ಗುಂಡಗದ ಅಂತ ಓಣಿಯವರೆಲ್ಲ ಹೇಳೂರು. ನಾ ನಂಬಲಿಲ್ಲ. ಇಲ್ಲಿ ಹಿಡಿದು ನೋಡಿದೆ," ಎನ್ನುತ್ತ ಅವ್ವ ಬಂದ ಅತಿಥಿಯ ಎದುರೇ ನನ್ನ ರಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ಅಲುಗಾಡಿಸಿದಳು. "ಬರೇ ಎಲುಬು! ಆವಾಗ ದವಾಖಾನಿಗೆ ಓಡಿದೆ. ಈ ಮರಿಗಳನ್ನ ಕೊಯ್ದು ಯಾಕ ನೋಡಲಿಲ್ಲ ನೀ?"

"ನೀನೇ ಬ್ಯಾಡ ಅಂದಿದ್ದಿ."

ಮನೆಯಲ್ಲಿ ಮಾತಿಗೆ ಮಾತು ಕೊಡುವುದರಲ್ಲಿ ಅವ್ವ ಎಂದೂ ಸೋತವಳಲ್ಲ. ಅಂದು ಪಲ್ಯದ ಚಮಚವನ್ನು ಕೆಳಗಿಟ್ಟುಬಿಟ್ಟಳು. ಅವಳ ಮುಖ ಸಣ್ಣದಾಯಿತು. ಗೆದ್ದೆನೆಂದು ನನಗೆ ಒಂದು ಕ್ಷಣ ಖುಷಿಯಾಯಿತು, ಮರುಕ್ಷಣ ನಾಚಿಕೆಯಾಯಿತು. ಅವಳ ಹೆಸರು ಹೇಳಿ ತಪ್ಪಿಸಿಕೊಂಡವಳು ನಾನು. ಕರುಳು ನೋಡಲು ನನಗೇ ಹೇಸಿಕೆ ಇತ್ತು, ಕರಾರು ಒಂದು ಒಳ್ಳೆಯ ನೆಪವಾಗಿತ್ತು.

"ನಾ ಅಂದೆ ಅಂತ ಇವರನ್ನ ಊರ ಮುಂದ ನಗಿಪಾಟಲ ಮಾಡೂದೇನು?" ಎಂದಳು ಕೊನೆಗೆ. "ನಾಳೆ ಹೋಗು, ಕೊಯ್ಯಿ. ಮನಿಯಾಗಲ್ಲ ಮತ್ತ!"

ಅವರು ಅಂದು ನಮ್ಮಲ್ಲೇ ಉಳಿದರು. ಸೋಮವಾರ ಲ್ಯಾಬಿನಲ್ಲಿ ಮೊದಲ ಮರಿಯನ್ನು ಅವರೇ ಬಿಡಿಸಿ ತೋರಿಸಿದರು. ಉಳಿದವನ್ನು ನಾನು ಕೊಯ್ದೆ. ಮೊದಲ ನಾಲ್ಕಕ್ಕೆ ಕಣ್ಣಲ್ಲಿ ನೀರು ಬಂತು, ನೆಗಡಿ ಎಂದು ಮೂಗು ಒರೆಸಿಕೊಂಡೆ. ಅವರು ನಂಬಿದ ಹಾಗೆ ಮಾಡಿದರು. ಗಾಜಿನ ತಟ್ಟೆಯಲ್ಲಿ ಕಪ್ಪು ಮರಳು ಗುಡ್ಡೆಯಾಯಿತು. ಹೊಟ್ಟೆ ಖಾಲಿ ಮಾಡಿ ತೂಗಿದರೆ ನನ್ನ ಚೆಂದದ ಅಂಕೆಗಳು ಒಂದೊಂದಾಗಿ ಇಳಿದವು. ಫ್ರೀಜರಿನಲ್ಲಿದ್ದ ಹಳೆಯ ಪೆಟ್ಟಿಗೆಗಳನ್ನೂ ತೆಗೆದು ನೋಡಿದೆವು. ಮರಳಿನ ದೋಣಿಗಳು ಬರುವ ಮೊದಲಿನ ಮರಿಗಳ ಅಂಕೆ ಸ್ವಲ್ಪ ಮಾತ್ರ ಇಳಿಯಿತು, ಆಮೇಲಿನವುಗಳದು ಬಹಳ ಇಳಿಯಿತು. ಅವರು ನನ್ನ ಕಡೆ ನೋಡಲಿಲ್ಲ. ಅವರು ಬೈದಿದ್ದರೇ ಚೆನ್ನಾಗಿತ್ತು.

ಹೊಸ ಕಾಗದ ಬರೆಯಲು ಕೂತಾಗ ಅವ್ವ ಬಂದು ನಿಂತಳು. "ಅವ್ವ ಕೊಯ್ಯಬ್ಯಾಡ ಅಂದಿದ್ಲು, ಅದಕ್ಕ ಹಿಂಗಾತು ಅಂತ ಬರಿ. ನಾನೇನು ಆ ಊರಿಗೆ ಹೋಗಾಕಿ ಅಲ್ಲ."

ಹಾಗೆ ಬರೆಯಲಿಲ್ಲ. "ಹೊಟ್ಟೆ ಬಿಡಿಸಿ ನೋಡದೆ ಮೊದಲಿನ ಕಾಗದ ಬರೆದೆ. ತಪ್ಪು ನನ್ನದು. ಮರಿಗಳು ಸೊರಗಿವೆ. ಇವರು ಹೇಳಿದ್ದೇ ನಿಜ," ಎಂದು ಬರೆದೆ. ಸರ್ ಓದಿ ಕೆಳಗೆ ತಮ್ಮ ಸಹಿಯನ್ನೂ ಹಾಕಿದರು.

ಎರಡು ವಾರದ ಮೇಲೆ ಮಧ್ಯಾಹ್ನ ಅವರ ಫೋನು ಬಂತು. ಸಭೆ ಆಯಿತೇ, ದೋಣಿ ನಿಲ್ಲಿಸಿದರೇ ಎಂದು ಒಂದೇ ಉಸಿರಿಗೆ ಕೇಳಿದೆ.

"ಅದರ ತೀರ್ಮಾನ ಮುಂದಿನ ಸಭೆಯಲ್ಲಂತೆ ಮೇಡಂ."

"ಮತ್ತ ಈಗ ಏನಾತು?"

"ನಿಮ್ಮ ಕಾಗದ ಓದಿದ್ರು," ಎಂದರು. "ಯಾರೂ ನಗಲಿಲ್ಲ."