ದೇವೀರಪ್ಪನ ಎಡಗೈ

ಐವತ್ತೆಂಟನೇ ಇಸವಿ. ಅಜ್ಜಂಪುರದ ಈರುಳ್ಳಿ ಮಂಡಿಯಲ್ಲಿ ತಕ್ಕಡಿ ಹಿಡಿಯುತ್ತಿದ್ದ ದೇವೀರಪ್ಪನಿಗೆ ಟೆಂಟ್ ಸಿನಿಮಾದ ಹಾಡಿನಲ್ಲಿ ಪಿಟೀಲು ನಡುಗುವುದನ್ನು ಕೇಳಿ ಹುಚ್ಚು ಹಿಡಿದಿತ್ತು. ನಾಟಕಗಳಿಗೆ ಪಿಟೀಲು ನುಡಿಸುವ ಹುಸೇನ್ ಸಾಬರ ಹತ್ತಿರ ಹೋದ.

‘ಬೆರಳು ತಂತಿ ಬಿಡಬಾರದು, ಮಣಿಕಟ್ಟು ಆಡ್ತಿರಬೇಕು, ಆಗ್ಲೇ ಸ್ವರ ನಡುಗೋದು. ಬೆಂಕಿಪೊಟ್ಟಣಕ್ಕೆ ರಾಗಿಕಾಳು ಹಾಕ್ಕೊಂಡು ಎಡಗೈಲಿ ಅಲ್ಲಾಡಿಸ್ತಾ ಇರು’ ಎಂದರು ಸಾಬರು.

ಇವನು ಅದನ್ನು ಎಷ್ಟು ತಲೆಗೆ ಹಚ್ಚಿಕೊಂಡನೆಂದರೆ, ಪೊಟ್ಟಣ ಇಲ್ಲದಿದ್ದರೂ ಹಾಳಾದ ಕೈ ತಾನಾಗಿ ಆಡತೊಡಗಿತು. ಮನೆಯಲ್ಲಿ ಹೇಳುವಂತಿರಲಿಲ್ಲ. ‘ನಾಟಕದೋರ ಸಾವಾಸ ಮಾಡಿದ ಮನೆಗೆ ಹೆಣ್ಣು ಕೊಡೋರೂ ಇಲ್ಲ, ತರೋರೂ ಇಲ್ಲ’ ಎನ್ನುತ್ತಿದ್ದವರು ಅಪ್ಪ ಈರಭದ್ರಪ್ಪ. ಪಿಟೀಲು ಸಾಬರ ಮನೆಯಲ್ಲೇ ಇರುತ್ತಿತ್ತು.

ತಂಗಿ ಹಾಲಮ್ಮನನ್ನು ನೋಡಲು ದೇವನೂರಿನ ತೀರ್ಥಪ್ಪನವರು ಮಗನೊಂದಿಗೆ ಬಂದರು. ಹುಡುಗ ಒಪ್ಪಿದ, ಹುಡುಗಿಯೂ ಒಪ್ಪಿದಳು. ಎಲೆಅಡಿಕೆ ಬದಲಾಯಿಸುವುದೊಂದೇ ಬಾಕಿ. ಅಷ್ಟರಲ್ಲಿ ದೇವೀರಪ್ಪ ಎಡಗೈಯಲ್ಲಿ ತಟ್ಟೆ ಹಿಡಿದು ಬಲಗೈಯಲ್ಲಿ ಕಾಫಿ ಕೊಡಲು ಬಗ್ಗಿದ. ಲೋಟಗಳು ಗಲಗಲ ಎಂದವು.

‘ಏನಪ್ಪಾ, ಕೈ ಹಿಂಗೆ ನಡುಗ್ತದೆ?’ ಎಂದರು ತೀರ್ಥಪ್ಪನವರು.

ಹೇಳಿಬಿಡಬಹುದಿತ್ತು. ಅಪ್ಪನ ಮುಖ ನೋಡಿದ. ‘ಸುಮಾರು ದಿನದಿಂದ ಹಿಂಗೇ’ ಎಂದ, ಪುಣ್ಯಾತ್ಮ.

ತೀರ್ಥಪ್ಪನವರು ಕಾಫಿ ಮುಟ್ಟಲಿಲ್ಲ. ‘ಇದು ವಂಶದಲ್ಲಿ ಬರೋ ಕಾಯಿಲೆ ಕಣ್ರೀ. ನಾಳೆ ನಮ್ಮ ಮೊಮ್ಮಕ್ಕಳಿಗೆ ಬಂದ್ರೆ?’ ಎಂದು ಎದ್ದು ಸ್ಟೇಷನ್ನಿಗೆ ಹೊರಟರು.

ಹಾಲಮ್ಮ ಅಳಲಿಲ್ಲ. ಮುಡಿದಿದ್ದ ಹೂವು ತೆಗೆದು ಒಲೆಯ ಪಕ್ಕ ಇಟ್ಟಳು. ‘ಅಣ್ಣಾ, ನಿನ್ನ ಪಿಟೀಲಿನ ವಿಷ್ಯ ನಂಗೆ ಗೊತ್ತು. ಸಾಬರ ಮನೆ ಮುಂದೆ ಹೋಗುವಾಗ ಕೇಳಿದೀನಿ’ ಎಂದಳು.

ಭೂಮಿ ಬಾಯಿಬಿಡಬಾರದೇ ಅನ್ನಿಸಿತು ದೇವೀರಪ್ಪನಿಗೆ. ಸಾಬರ ಮನೆಗೆ ಓಡಿದ.

ಸ್ಟೇಷನ್ ತಲುಪಿದಾಗ ಪಿಟೀಲು ಕಂಕುಳಲ್ಲಿತ್ತು. ಹಿಂದೆ ಏದುಸಿರು ಬಿಡುತ್ತಾ ಹುಸೇನ್ ಸಾಬರು, ಅವರ ಹಿಂದೆ ಅಪ್ಪ. ‘ಕಾಯಿಲೆ ಅಲ್ಲ ಸ್ವಾಮಿ, ಇದು ಪಿಟೀಲಿನ ಅಭ್ಯಾಸ. ನೋಡಿ’ ಎಂದು ನುಡಿಸತೊಡಗಿದ. ಕಡೂರಿನ ರೈಲಿಗೆ ಕಾದಿದ್ದವರೆಲ್ಲ ಸುತ್ತ ನೆರೆದರು. ಮಂಡಿಯ ಹಮಾಲರೂ ಇದ್ದರು. ನಾಚಿಕೆಗೆ ಕೈ ಮರಗಟ್ಟಿತು. ಒಂದು ಸ್ವರವೂ ನಡುಗಲಿಲ್ಲ. ಎಣ್ಣೆ ಕಾಣದ ಗಾಡಿಗಾಲಿಯಂತೆ ಪಿಟೀಲು ಕಿರ್ರೆಂದಿತು. ಯಾರೋ ಕಿಸಕ್ಕೆಂದರು. ಸಾಬರು ತಲೆ ತಗ್ಗಿಸಿದರು.

ತೀರ್ಥಪ್ಪನವರು ಹತ್ತಿರ ಬಂದು ಆ ಎಡಗೈಯನ್ನೇ ದಿಟ್ಟಿಸಿದರು. ‘ಕಾಯಿಲೆ ಆಗಿದ್ರೆ ಇಷ್ಟು ಜನರ ಮುಂದೆ ಇನ್ನೂ ಜಾಸ್ತಿ ನಡುಗ್ಬೇಕಿತ್ತು’ ಎಂದು ಈರಭದ್ರಪ್ಪನವರತ್ತ ತಿರುಗಿದರು. ‘ನಡೀರಿ ಬೀಗ್ರೇ, ಕಾಫಿ ಆರೋಗಿರ್ತದೆ.’ ಎರಡು ಹೆಜ್ಜೆ ಹೋಗಿ ಮತ್ತೆ ನಿಂತರು. ‘ಮದ್ವೇಲಿ ಮಾತ್ರ ನುಡಿಸ್ಬ್ಯಾಡ ಕಣಪ್ಪಾ.’

ಜನ ನಕ್ಕರು. ಅಪ್ಪನೂ ನಕ್ಕರು. ಗುರುವಿನ ಮುಖ ನೋಡಲಾಗದೆ ದೇವೀರಪ್ಪ ಪಿಟೀಲು ಚಾಚಿದ. ಆಗ ನೋಡಿ, ಹಾಳಾದ ಕೈ ಮತ್ತೆ ಆಡತೊಡಗಿತು. ಬೀಗರು ತಿರುಗಿ ನೋಡುವ ಮೊದಲೇ ಹುಸೇನ್ ಸಾಬರು ಆ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಬಿಗಿಯಾಗಿ ಹಿಡಿದುಕೊಂಡರು.