ತೊಳೆದ ಕಲ್ಲುಗಳು

ನಮ್ಮ ಯಜಮಾನರಿಗೆ ಲಕ್ವಾ ಹೊಡೆದ ಮೇಲೆ ರಾಯಚೂರಿನ ಚಷ್ಮಾದ ಅಂಗಡಿ ಖಾಲಿ ಮಾಡಬೇಕಾಯಿತು. ಕಪಾಟುಗಳನ್ನು ಯಾರೋ ಒಯ್ದರು, ಕನ್ನಡಿಗಳನ್ನು ಯಾರೋ ಒಯ್ದರು. ಉಳಿದದ್ದು ಮೀನಿನ ತೊಟ್ಟಿ. ಆರಡಿ ಉದ್ದದ ಗಾಜು, ಅದರೊಳಗೆ ಉಪ್ಪುನೀರು, ಸಮುದ್ರದ ಮೀನು. ಸಮುದ್ರದ ಗಾಳಿಯೂ ಬೀಸದ ನಮ್ಮ ಸೀಮೆಯಲ್ಲಿ ಈ ಮನುಷ್ಯ ಒಂಬತ್ತು ವರ್ಷ ಅವನ್ನು ಸಾಕಿದ್ದರು. ದಿನಾ ಮಾನ್ವಿಯಿಂದ ಮೊದಲ ಬಸ್ಸಿಗೆ ಹೋಗಿ, ಗಿರಾಕಿಗಿಂತ ಮುಂಚೆ ಮೀನಿನ ಮುಖ ನೋಡುತ್ತಿದ್ದರು. ರಜೆಯ ದಿನವೂ ಹೋಗುತ್ತಿದ್ದರು. ಮನೆಯಲ್ಲಿ ನಾನು ಹೊಸ ಸೀರೆ ಉಟ್ಟರೆ ಅವರ ಕಣ್ಣಿಗೆ ಬೀಳುತ್ತಿರಲಿಲ್ಲ. ಮೀನಿನ ರೆಕ್ಕೆಯ ಮೇಲೊಂದು ಬಿಳಿ ಚುಕ್ಕೆ ಎದ್ದರೆ ಎರಡು ದಿನ ಊಟ ಸೇರುತ್ತಿರಲಿಲ್ಲ. ಸುಳ್ಳು ಯಾಕೆ ಹೇಳಲಿ, ನನಗೆ ಆ ತೊಟ್ಟಿಯ ಮೇಲೆ ಸವತಿಯ ಮೇಲಿರುವಂಥ ಸಿಟ್ಟಿತ್ತು.

ಆದರೂ ಅದನ್ನು ಮನೆಗೆ ತರಿಸಿದವಳು ನಾನೇ. ಅವರ ಬಲಭಾಗ ಬಿದ್ದುಹೋಗಿತ್ತು, ಮಾತು ನಿಂತಿತ್ತು. ಎಡಗೈಯಲ್ಲಿ ಶಕ್ತಿ ಇತ್ತು, ಅದನ್ನೂ ಅವರು ಆಡಿಸುತ್ತಿರಲಿಲ್ಲ. ಪಡಸಾಲೆಯ ಕಬ್ಬಿಣದ ಮಂಚದ ಮೇಲೆ ಮಲಗಿ ಚಾವಣಿ ನೋಡುತ್ತಿದ್ದರು. ವಾರಕ್ಕೆರಡು ಸಲ ವ್ಯಾಯಾಮ ಮಾಡಿಸಲು ಬರುತ್ತಿದ್ದ ಮೇಡಂ ನನ್ನನ್ನು ಅಡುಗೆಮನೆಗೆ ಕರೆದು ಹೇಳಿದ್ದರು: "ಏನರ ಹೇಳಬೇಕು ಅಂತ ಅವರಿಗೆ ಹಟ ಬರಬೇಕ್ರಿ. ಹಟ ಬಂದ್ರ ಮಾತು ತಾನೇ ದಾರಿ ಹುಡುಕ್ತದ. ಹಿಂಗ ಸುಮ್ನ ಬಿದ್ದುಕೊಂಡ್ರ ಇಷ್ಟs ಉಳೀತಾರ ನೋಡ್ರಿ."

ಅವರಿಗೆ ಹಟ ಹುಟ್ಟಿಸುವಂಥದ್ದು ಈ ಲೋಕದಲ್ಲಿ ಒಂದೇ ಇತ್ತು. ಅದು ನಾನಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ರಾಯಚೂರಿನಲ್ಲಿ ಸಾಕುಮೀನು ಮಾರುವವರೊಬ್ಬರು ಇವರ ಹಳೆಯ ದೋಸ್ತ. ಅವರೇ ಟೆಂಪೋದಲ್ಲಿ ಎಲ್ಲ ಹೇರಿಕೊಂಡು ಬಂದರು. ಏಳು ಮೀನು ಥರ್ಮಾಕೋಲ್ ಡಬ್ಬಿಯಲ್ಲಿ, ತೊಟ್ಟಿಯ ಕಲ್ಲು ಮತ್ತು ಉಸುಕು ಅಂಗಡಿಯ ಹಳೆಯ ನೀರಿನಲ್ಲೇ ಎರಡು ನೀಲಿ ಡ್ರಮ್ಮಿನಲ್ಲಿ. ನೀರು ಚೆಲ್ಲಬಾರದೆಂದು ಮಾನ್ವಿ ಮುಟ್ಟುವವರೆಗೂ ಡ್ರಮ್ಮಿನ ಬಾಯಿಗೆ ಕೈ ಒತ್ತಿಕೊಂಡೇ ಕೂತಿದ್ದರಂತೆ. ಮಲಗಿದಲ್ಲಿಂದಲೇ ಕಾಣುವಂತೆ ಮಂಚದ ಎದುರಿಗೆ ತೊಟ್ಟಿ ಕೂರಿಸಿದರು, ಫಿಲ್ಟರ್ ನೀರಿನ ಕ್ಯಾನುಗಳನ್ನು ಸುರಿದು ಪೊಟ್ಟಣದ ಉಪ್ಪು ಕಲಸಿದರು, ಮೀನುಗಳನ್ನು ದೊಡ್ಡ ಟಬ್ಬಿಗೆ ಬಿಟ್ಟು ಗಾಳಿಯ ಕೊಳವೆ ಇಳಿಸಿದರು. ಅವರ ಮಗಳ ನಿಕಾಹ್ ಅದೇ ವಾರ ಇತ್ತು, ನಿಲ್ಲುವ ಹಾಗಿರಲಿಲ್ಲ.

"ಭಾಭಿ, ಉಪ್ಪು ಪೂರಾ ಕರಗ್ಲಿ. ನಾಳಿ ಉಸುಕು ಹಾಕಿ, ಕಲ್ಲು ಇಟ್ಟು, ಆಮ್ಯಾಲ ಮೀನು ಬಿಡ್ರಿ. ಕಲ್ಲು ಅಲ್ಲೀತನ ಡ್ರಮ್ಮಿನ್ಯಾಗ ಹಂಗೇ ಇರ್ಲಿ," ಎಂದು ಹೇಳಿ ಹೋದರು.

ಮರುದಿನ ಬೆಳಿಗ್ಗೆ ಡ್ರಮ್ಮಿನ ಮುಚ್ಚಳ ತೆಗೆದೆ. ಮೂಗು ಮುಚ್ಚಿಕೊಳ್ಳುವಂಥ ವಾಸನೆ. ಕಲ್ಲಿನ ತುಂಬ ಕಂದು ಲೋಳೆ, ಸಂದಿಗೊಂದು ಕೂದಲಿನಷ್ಟು ಸಣ್ಣ ಹುಳ. ದೇವದುರ್ಗದ ನನ್ನ ತವರಿನಲ್ಲಿ ಹೊರಗಿನಿಂದ ಬಂದ ಯಾವ ವಸ್ತುವೂ ನೀರು ಕಾಣದೆ ಹೊಸ್ತಿಲು ದಾಟುತ್ತಿರಲಿಲ್ಲ. ಸಂತೆಯ ಕೊಡವಾಗಲಿ, ಹಳೆಯ ಕುರ್ಚಿಯಾಗಲಿ, ಮೊದಲು ಅಂಗಳದಲ್ಲಿ ತೊಳೆಸಿಕೊಳ್ಳಬೇಕು. "ಹಂಗೇ ಇರ್ಲಿ" ಎಂದರೆ ಗಂಡಸರ ಸೋಮಾರಿತನ ಎಂದುಕೊಂಡೆ. ರೋಗಿ ಮಲಗಿರುವ ಮನೆಯೊಳಗೆ ಈ ಹೊಲಸೇ?

ನೀರನ್ನು ಮೋರಿಗೆ ಚೆಲ್ಲಿದೆ. ಪಡಸಾಲೆಯ ಬಾಗಿಲ ಮುಂದೆ, ಅವರಿಗೆ ಕಾಣುವ ಹಾಗೆಯೇ ಕೂತು, ಬ್ಲೀಚಿಂಗ್ ಪೌಡರ್ ಕಲಸಿ, ತಂತಿ ಬ್ರಷ್ಷಿನಿಂದ ಒಂದೊಂದೇ ಕಲ್ಲು ಉಜ್ಜತೊಡಗಿದೆ. ಹಿಗ್ಗಿನಿಂದಲೇ ಉಜ್ಜಿದೆ. ಒಂಬತ್ತು ವರ್ಷದ ಸಿಟ್ಟು ರಟ್ಟೆಗೆ ಬಂದಿತ್ತು.

ಆಗಲೇ ಮಂಚ ಸದ್ದು ಮಾಡಿತು. ನೋಡಿದರೆ ಅವರು ಎಡಗೈಯಿಂದ ಕಬ್ಬಿಣದ ಪಟ್ಟಿಯನ್ನು ಬಡಿಯುತ್ತಿದ್ದಾರೆ. ಎದ್ದು ಓಡಿದೆ. ಉಚ್ಚೆಗೆ ಡಬ್ಬಿ ಹಿಡಿದೆ, ಬೇಕಿರಲಿಲ್ಲ. ನೀರು ಕುಡಿಸಿದೆ, ಉಗುಳಿದರು. ಮಗ್ಗಲು ಹೊರಳಿಸಿದೆ, ಫ್ಯಾನು ಜೋರು ಮಾಡಿದೆ. ಬಡಿಯುವುದು ನಿಲ್ಲಲಿಲ್ಲ. ಗಂಟಲಿನಿಂದ ಏನೋ ಒಂದು ಸದ್ದು ಹೊರಡುತ್ತಿತ್ತು, ಬಾಯಿ ಒಂದು ಕಡೆಗೆ ಜಗ್ಗುತ್ತಿತ್ತು, ಬೆರಳ ಗೆಣ್ಣಿನ ಚರ್ಮ ಸುಲಿದು ರಕ್ತ ಬಂತು. ನನಗೆ ರೇಗಿತು.

"ನಿಮ್ಮ ಸಲುವಾಗೇ ಮಾಡಾಕತ್ತೀನ್ರಿ. ಸುಮ್ನ ಮಕ್ಕೋರಿ," ಎಂದೆ. ಆ ಕೈಯನ್ನು ಚಾದರದೊಳಗೆ ಸೇರಿಸಿ, ಚಾದರದ ಅಂಚನ್ನು ಗಾದಿಯ ಕೆಳಗೆ ಬಿಗಿಯಾಗಿ ಸಿಗಿಸಿ, ಮತ್ತೆ ಹೋಗಿ ಕಲ್ಲಿನ ಮುಂದೆ ಕೂತೆ.

ಕಲ್ಲುಗಳು ಮಧ್ಯಾಹ್ನದವರೆಗೆ ಮಾಳಿಗೆಯ ಬಿಸಿಲಿನಲ್ಲಿ ಒಣಗಿದವು. ಉಸುಕನ್ನು ಅಕ್ಕಿಯ ಹಾಗೆ ನಾಲ್ಕು ನೀರಿನಲ್ಲಿ ತೊಳೆದೆ. ಸಂಜೆ ಎಲ್ಲ ಜೋಡಿಸಿ ಮೀನು ಬಿಟ್ಟು ದೀಪ ಹಾಕಿದಾಗ ಓಣಿಯ ಹೆಂಗಸರು ನೋಡಲು ಬಂದರು. ಯಜಮಾನರ ಎಡಗಣ್ಣಿನಿಂದ ನೀರು ಇಳಿಯುತ್ತಿತ್ತು. ಸೆರಗಿನಿಂದ ಒರೆಸಿ, "ಖುಷಿ ಆಗ್ಯಾದ ಅವರಿಗೆ," ಎಂದು ಎಲ್ಲರಿಗೂ ಹೇಳಿದೆ.

ಮೂರನೆಯ ದಿನ ನೀರು ಅಕ್ಕಿ ತೊಳೆದ ನೀರಿನಂತಾಯಿತು. ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು. ಮೊದಲು ನೀಲಿಯದು ಸತ್ತಿತು, ಆಮೇಲೆ ಹಳದಿಯವೆರಡು. ಚಹಾ ಸೋಸುವ ಜಾಲರಿಯಿಂದ ತೆಗೆದು ಕಾಗದದಲ್ಲಿ ಸುತ್ತಿ ಒಯ್ಯುತ್ತಿದ್ದೆ. ಅವರು ನೋಡುತ್ತಿದ್ದರು. ಹೊರಳಲಾಗದ ಮನುಷ್ಯನ ಎದುರಿಗೇ ಅದನ್ನು ಕೂರಿಸಿದ್ದೆವಲ್ಲ, ನೋಡದೆ ಏನು ಮಾಡಿಯಾರು?

ಮದುವೆಮನೆಯ ಗದ್ದಲದಲ್ಲಿದ್ದ ಆ ದೋಸ್ತರಿಗೆ ಫೋನು ಮಾಡಿದೆ. ಎಲ್ಲ ಕೇಳಿಸಿಕೊಂಡು, "ಭಾಭಿ, ಕಲ್ಲು ತೊಳದ್ರೇನು?" ಎಂದರು.

"ಸ್ವಚ್ಛ ತೊಳದೀನ್ರಿ. ಬ್ಲೀಚಿಂಗ್ ಹಾಕಿ."

ಅವರು ಮೆಲ್ಲಗೆ ಹೇಳಿದರು: "ಆ ಹೊಲಸಿನ್ಯಾಗs ಜೀವ ಇತ್ತು ಭಾಭಿ. ಮೀನಿನ ಹೇಲು ಉಚ್ಚಿ ಎಲ್ಲಾ ತಿಂದು ನೀರು ಚಲೋ ಇಡೋದು ಅದs. ಕಣ್ಣಿಗೆ ಕಾಣಂಗಿಲ್ಲ. ಒಂಬತ್ತು ವರ್ಷ ಅದನ್ನ ಬೆಳೆಸಿದ್ರು ಅವರು."

ಫೋನು ಇಟ್ಟು ಮಂಚದ ಹತ್ತಿರ ಹೋದೆ. "ಅವತ್ತು ನೀವು ಅದನ್ನs ಹೇಳಾಕತ್ತಿದ್ರೇನ್ರಿ?" ಎಂದು ಕೇಳಿದೆ. ಅವರು ನನ್ನನ್ನೇ ನೋಡಿದರು, ಎಷ್ಟೋ ಹೊತ್ತು. ಚಾದರ ಸರಿಸಿ ಅವರ ಎಡಗೈ ಎತ್ತಿ ಕಬ್ಬಿಣದ ಪಟ್ಟಿಯ ಮೇಲಿಟ್ಟೆ. "ಬಡೀರಿ. ಒಂದs ಒಂದು ಸಲ ಬಡೀರಿ," ಎಂದು ಅತ್ತೆ. ಗೆಣ್ಣಿನ ಗಾಯ ಕಪ್ಪಾಗಿ ಒಣಗಿತ್ತು. ಕೈ ನಾನು ಇಟ್ಟಲ್ಲೇ ಇತ್ತು.

ದೋಸ್ತರು ಮದುವೆ ಮುಗಿಸಿ ಬರುವಷ್ಟರಲ್ಲಿ ಏಳೂ ಮೀನು ಹೋಗಿದ್ದವು. ತಮ್ಮ ಅಂಗಡಿಯ ಎರಡು ಹೊಲಸು ಕಲ್ಲು ತಂದು ಬಿಳಿ ಕಲ್ಲಿನ ನಡುವೆ ಇಟ್ಟು, ಎರಡು ತಿಂಗಳು ಏನೂ ಮುಟ್ಟಬೇಡಿ ಎಂದರು. ಮುಟ್ಟಲಿಲ್ಲ. ನೀರು ನಿಧಾನಕ್ಕೆ ತಿಳಿಯಾಯಿತು, ಕಲ್ಲಿಗೆ ಲೋಳೆ ಹತ್ತಿತು, ಈಗ ಕಿತ್ತಳೆ ಬಣ್ಣದ ಎರಡು ಮೀನು ಓಡಾಡುತ್ತಿವೆ. ತೊಟ್ಟಿ ನೆಲೆಗೊಂಡಿದೆ ಎಂದು ದೋಸ್ತರು ಹೇಳುತ್ತಾರೆ. ಯಜಮಾನರು ಚಾವಣಿ ನೋಡುತ್ತಾರೆ. ಮೇಡಂ ಬಂದಾಗಲೆಲ್ಲ, "ಏನರ ಹೇಳಾಕ ನೋಡಿದ್ರೇನ್ರಿ?" ಎಂದು ಕೇಳುತ್ತಾರೆ. ಇಲ್ಲ ಎನ್ನುತ್ತೇನೆ. ಒಂದು ಸಲ ಹೇಳಲು ನೋಡಿದ್ದರು, ನಾನೇ ಬಾಯಿ ಮುಚ್ಚಿಸಿದೆ ಎಂದು ಹೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.

ದಿನಾ ಬೆಳಿಗ್ಗೆ ಅವರಿಗೆ ಮುಖ ತೊಳೆಸಿ ಚಹಾ ಕುಡಿಸಿದ ಮೇಲೆ ಆ ತಂತಿ ಬ್ರಷ್ಷು ತೆಗೆದುಕೊಂಡು ಬರುತ್ತೇನೆ. ಅವರಿಗೆ ಕಾಣುವ ಹಾಗೆ ತೊಟ್ಟಿಯ ಮುಂದೆ ನಿಂತು, ನೀರಿನೊಳಗೆ ಕೈ ಇಳಿಸಿ, ಬ್ರಷ್ಷನ್ನು ಕಲ್ಲಿನ ಹತ್ತಿರ ಒಯ್ಯುತ್ತೇನೆ. ಅಲ್ಲೇ ಹಿಡಿದು ಮಂಚದ ಕಡೆ ಕಿವಿ ಕೊಡುತ್ತೇನೆ. ಕೈ ಸೋಲುವವರೆಗೆ ನಿಂತಿರುತ್ತೇನೆ.