ಚಿತ್ತಾಪುರದಲ್ಲಿ ಬೀಸಿದ ರಾಗಿ

ಸೌಟು ತೂಗುಹಾಕಲೆಂದು ಗೋಡೆಗೆ ಹೊಡೆದ ಮೊಳೆ ಎರಡನೆಯ ಏಟಿಗೇ ಬಾಗಿತು. ಇನ್ನೊಂದು ಮೊಳೆ ತೆಗೆದುಕೊಂಡೆ. ಅದೂ ಬಾಗಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಪಕ್ಕದ ಮನೆಯ ಶರಣಮ್ಮ, "ಕಲ್ಲಿನ ಮ್ಯಾಲ ಯಾಕ ಸಿಟ್ಟು ಮಾಡ್ಲಿಕತ್ತೀರಿ ಬಾಯಾರ? ಹಗ್ಗ ಕಟ್ರಿ, ಅದಕ್ಕ ತೂಗಹಾಕ್ರಿ" ಎಂದರು.

ಚಿತ್ತಾಪುರದ ಈ ಬಾಡಿಗೆ ಮನೆಗೆ ನೆಲವೂ ಕಲ್ಲು, ಗೋಡೆಯೂ ಕಲ್ಲು, ತಲೆಯ ಮೇಲಿನ ಹಾಸೂ ಕಲ್ಲು. ಶಹಾಬಾದಿನ ಗಣಿಗಳಿಂದ ಬರುವ ಈ ಬೂದುಬಣ್ಣದ ಚಪ್ಪಡಿಗೆ ಇಲ್ಲಿ ಫರಸಿ ಎನ್ನುತ್ತಾರೆ. ಮಂಡ್ಯದ ನಮ್ಮ ಮಣ್ಣಿನ ಗೋಡೆಯಲ್ಲಿ ಅಜ್ಜಿ ಎಲ್ಲಿ ಬೇಕಾದರೂ ಗೂಟ ಹೊಡೆಯುತ್ತಿದ್ದರು. ಇಲ್ಲಿ ಗೋಡೆ ಏನನ್ನೂ ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಮೈಸೂರಿನಲ್ಲಿ ಬಿ.ಎ. ಮುಗಿಸಿದ ಮೇಲೆ, ಊರವರು ನಡೆಸುವ ಹುಡುಗಿಯರ ಶಾಲೆಯಲ್ಲಿ ಕನ್ನಡ ಮತ್ತು ಲೆಕ್ಕ ಕಲಿಸಲು ನಿಜಾಮರ ಸೀಮೆಗೆ ಬಂದೆ. ಪಾಠ ಹೇಳುವ ಹೆಂಗಸನ್ನು ಇಲ್ಲಿ ಬಾಯಾರು ಎಂದು ಕರೆಯುತ್ತಾರೆ. ಒಂಟಿ ಹೆಣ್ಣಿಗೆ ಮನೆ ಸಿಗುವುದಿಲ್ಲವೆಂದು ಅಪ್ಪ ಜೊತೆಗೆ ಬಂದರು. ಅಮ್ಮ ತೀರಿಕೊಂಡು ಎರಡು ವರ್ಷವಾಗಿತ್ತು. ಆಗಿನಿಂದ ಅವರ ಊಟ ಕಡಿಮೆಯಾಗುತ್ತಲೇ ಇತ್ತು. ಹೊರಡುವಾಗ ಅಣ್ಣ ನನ್ನನ್ನು ಪಕ್ಕಕ್ಕೆ ಕರೆದು, "ಅಲ್ಲಿಯ ಊಟ ಅವರಿಗೆ ಹಿಡಿಸದಿದ್ದರೆ ಬಂದು ಕರೆದುಕೊಂಡು ಹೋಗ್ತೀನಿ. ಆಮೇಲೆ ಅಳಬೇಡ" ಎಂದಿದ್ದ. ಅಪ್ಪ ಹೋದರೆ ಈ ಮನೆಯಲ್ಲಿ ನಾನೊಬ್ಬಳೇ. ಆದ್ದರಿಂದ ನನ್ನ ಅಡುಗೆಮನೆ ಅಪ್ಪನನ್ನು ಉಳಿಸಿಕೊಳ್ಳಬೇಕಿತ್ತು, ಮತ್ತು ನನಗೆ ಅಡುಗೆ ಬರುತ್ತಿರಲಿಲ್ಲ.

ಬರದ ವಿದ್ಯೆಯನ್ನು ನಾನು ಪಟ್ಟಿಯಿಂದ ಶುರು ಮಾಡುತ್ತೇನೆ. ಹನ್ನೊಂದು ಸಾಮಾನು ಬರೆದುಕೊಂಡು ಬಜಾರಿಗೆ ಹೋದೆ. ಪಾತ್ರೆ ಅಂಗಡಿಯ ಮುದುಕ ಖಾದರ್ ಸಾಹೇಬರು ಪಟ್ಟಿ ನೋಡಲಿಲ್ಲ. ಒಂದು ಹಿತ್ತಾಳೆ ತಪ್ಪಲೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ, ಸದ್ದು ಅಡಗುವವರೆಗೂ ನನ್ನನ್ನು ಮಾತಾಡಲು ಬಿಡಲಿಲ್ಲ.

"ಆವಾಜ್ ಕೇಳಿದ್ರಿಲ್ಲ? ಬಿರುಕಿದ್ರ ಇಷ್ಟು ದೂರ ಹೋಗಂಗಿಲ್ಲ. ಸಾಮಾನು ಕಮ್ಮಿ ತಗೋರಿ, ದಪ್ಪಂದು ತಗೋರಿ. ತೆಳ್ಳಂದು ತಗೊಂಡ್ರ ಅನ್ನಕ್ಕಿಂತ ಮೊದಲ ನೀವು ಸುಡ್ತೀರಿ."

ಹನ್ನೊಂದು ಐದಕ್ಕೆ ಇಳಿಯಿತು: ಕಲಾಯಿ ಮಾಡಿದ ಎರಡು ತಪ್ಪಲೆ, ಒಂದು ಕಬ್ಬಿಣದ ಹಂಚು, ಒಂದು ಸೌಟು, ಒಂದು ಈಳಿಗೆ. ಈಗಲೂ ಹೊಸದಾಗಿ ಮನೆ ಹೂಡುವವರಿಗೆ ನಾನು ಇಷ್ಟನ್ನೇ ಹೇಳುತ್ತೇನೆ.

ಮುದ್ದೆ ಕೋಲನ್ನು ಮಾತ್ರ ಊರಿನಿಂದಲೇ ತಂದಿದ್ದೆ. ಶರಣಮ್ಮ ಅದನ್ನು ತಿರುಗಿಸಿ ನೋಡಿ, "ಇದು ಹುಡುಗ್ಯಾರಿಗಿ ಹೊಡಿಲಿಕ್ಕೇನ್ರಿ?" ಎಂದು ಕೇಳಿದರು. ರಾಗಿಯ ಹಿಟ್ಟು ತೊಳಸುವ ಕೋಲು ಎಂದೆ. ರಾಗಿ ಅವರ ಅಡುಗೆಗೆ ಸೇರಿದ್ದಲ್ಲ. ಇಲ್ಲಿ ಮೂರು ಹೊತ್ತೂ ಜೋಳದ ರೊಟ್ಟಿ. ಬೆಳಗಾದರೆ ಓಣಿಯ ಮನೆಮನೆಯಿಂದಲೂ ರೊಟ್ಟಿ ಬಡಿಯುವ ಸದ್ದು ಒಂದೇ ತಾಳದಲ್ಲಿ ಬರುತ್ತದೆ. ನಮ್ಮ ಮನೆಯೊಂದರಿಂದ ಬರುತ್ತಿರಲಿಲ್ಲ.

ಶರಣಮ್ಮ ಕೊಟ್ಟ ರೊಟ್ಟಿಯನ್ನು ಅಪ್ಪ ಹಾಲಿನಲ್ಲಿ ನೆನೆಸಿ ಕಾಲುಭಾಗ ತಿನ್ನುತ್ತಿದ್ದರು. ಉಳಿದಿದ್ದ ನಾಲ್ಕಾರು ಹಲ್ಲುಗಳಿಗೆ ಅಷ್ಟೇ ಸಾಕಾಗುತ್ತಿತ್ತು. ಅವರ ಅಂಗಿಯ ಕೊರಳು ಸಡಿಲವಾಗತೊಡಗಿತು. ನಾನು ಅಣ್ಣನಿಗೆ ಬರೆದು ರಾಗಿ ತರಿಸಿದೆ. ವಾಡಿಯಲ್ಲಿ ಗಾಡಿ ಬದಲಾಯಿಸಿ ಬಂದ ಚೀಲವನ್ನು ಸ್ಟೇಷನ್ನಿನಲ್ಲಿ ಬಿಡಿಸಿಕೊಳ್ಳುವಾಗ, ಗೋಣಿಗೆ ಹತ್ತಿದ್ದ ನಮ್ಮೂರಿನ ಕೆಂಪು ಮಣ್ಣು ಕೈಗೆ ಅಂಟಿತು. ತಕ್ಷಣ ಒರೆಸಿಕೊಳ್ಳಲಿಲ್ಲ.

ಇನ್ನು ಬೀಸುವ ಕಲ್ಲು ಬೇಕಿತ್ತು. ಅದನ್ನು ವಾಡಿಯ ಸಂತೆಯಲ್ಲಿ ಆರಿಸಿದೆ. ಬೀಸುವುದಕ್ಕೆ ಫರಸಿ ಮೆದು, ಸವೆಯುತ್ತದೆ ಎಂದು ಕೇಳಿ ತಿಳಿದಿದ್ದರಿಂದ ಕರಿಕಲ್ಲಿನದನ್ನೇ ನೋಡಿದೆ. ನಡುವಿನ ಗೂಟ ನೆಟ್ಟಗಿದೆಯೇ, ಮೇಲಿನ ಕಲ್ಲು ಓಲಾಡದೆ ತಿರುಗುತ್ತದೆಯೇ, ಹಿಡಿ ಬಿಗಿಯಾಗಿದೆಯೇ, ಒಂದೊಂದನ್ನೂ ಪರೀಕ್ಷಿಸಿದೆ. ಕಲ್ಲು ಮಾರುವ ಹೆಂಗಸು ನಕ್ಕಳು.

"ಹೆಣ್ಣು ನೋಡಲಿಕ್ಕೆ ಬಂದಂಗ ನೋಡ್ಲಿಕತ್ತೀರಿ. ನಿನ್ನೇನೇ ಹೊಸಾ ಮುಳ್ಳು ಹಾಕೀವ್ರಿ. ಹಿಟ್ಟು ಬೆಣ್ಣಿ ಆದಂಗ ಬೀಳ್ತದ."

ಮುಳ್ಳು ಹಾಕುವುದೆಂದರೆ ನುಣುಪಾದ ಕಲ್ಲಿಗೆ ಉಳಿಯಿಂದ ಸಣ್ಣ ಸಣ್ಣ ಗುಳಿ ಹೊಡೆಯುವುದು. ಮರುದಿನ ಶಾಲೆಗೆ ರಜೆ. ಮೂರು ಸೇರು ರಾಗಿಯನ್ನು ಒಂದೇ ಬೆಳಿಗ್ಗೆ ಬೀಸಿದೆ. ಅಂಗೈಯಲ್ಲಿ ಬೊಬ್ಬೆ ಎದ್ದವು. ಅಪ್ಪ ಒಂದಿಡೀ ಮುದ್ದೆಯನ್ನು ಸಾರಿನಲ್ಲಿ ಅದ್ದಿ ಅದ್ದಿ ನುಂಗಿದರು. "ಚೆನ್ನಾಗಿದೆ ಕಣಮ್ಮ" ಎಂದರು. ಎಂಟು ದಿನ ಹಾಗೆಯೇ ಉಂಡರು. ಅಣ್ಣನಿಗೆ ಕಾಗದ ಬರೆದೆ. ಅದರಲ್ಲಿ ಸ್ವಲ್ಪ ಜಂಬವೂ ಇತ್ತು.

ಒಂಬತ್ತನೆಯ ದಿನ ಅಪ್ಪ ಹೊಟ್ಟೆ ಹಿಡಿದುಕೊಂಡು ಮಲಗಿದರು. ನೀರು ಬದಲಾದದ್ದಕ್ಕೆ ಇರಬೇಕೆಂದುಕೊಂಡು ಕಾಯಿಸಿದ ನೀರು ಕೊಟ್ಟೆ. ನೋಡಲು ಬಂದ ಶರಣಮ್ಮ, ಒಲೆಯ ಪಕ್ಕದಲ್ಲಿದ್ದ ಮುದ್ದೆಯನ್ನು ನೋಡಿ, "ಏನದು, ಒಂದೀಟು ಕೊಡ್ರಿ" ಎಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು.

ಅವರು ಅದನ್ನು ಅಗಿದರು.

ನಮ್ಮ ಕಡೆ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ನುಂಗುತ್ತೇವೆ. ಶರಣಮ್ಮ ರೊಟ್ಟಿ ಉಂಡು ಬೆಳೆದವರು. ಅವರ ದವಡೆ ನಿಂತುಹೋಯಿತು.

"ಬಾಯಾರ, ಇದ್ರಾಗ ಕಲ್ಲಿನ ಪುಡಿ ಅದ."

ಇರಲಾರದು, ರಾಗಿಯನ್ನು ಮೂರು ಸಲ ಕೇರಿದ್ದೇನೆ ಎಂದೆ.

"ರಾಗಿದಲ್ರಿ, ಬೀಸೂ ಕಲ್ಲಿಂದು. ಮುಳ್ಳು ಹಾಕಿಸಿದ ಮ್ಯಾಲ ಮೊದಲ ತೌಡು ಬೀಸಬೇಕು, ಎರಡು ಮೂರು ಸಲ. ಆ ಹಿಟ್ಟು ಚೆಲ್ಲಬೇಕು. ಎಂಟು ವರ್ಷದ ಹುಡುಗಿಗಿ ಗೊತ್ತಿರ್ತದಲ್ರಿ ಇದು." ನನ್ನ ಮುಖ ನೋಡಿ ಅವರು ದನಿ ತಗ್ಗಿಸಿದರು. "ಇರ್ಲಿ ಬಿಡ್ರಿ. ನಾನರ ಬಂದು ನೋಡಬೇಕಿತ್ತು."

ನಮ್ಮ ಮನೆಯ ಬೀಸುವ ಕಲ್ಲು ಅಜ್ಜಿಯ ಕಾಲದ್ದು, ನಾನು ಹುಟ್ಟುವ ಮೊದಲೇ ನುಣುಪಾದದ್ದು. ಹೊಸ ಕಲ್ಲಿನ ಮೊದಲ ಹಿಟ್ಟು ಉಣ್ಣುವುದಕ್ಕಲ್ಲ ಎಂಬುದು ಯಾವ ಪುಸ್ತಕದಲ್ಲೂ ಇರಲಿಲ್ಲ. ಕೇಳಬೇಕೆಂಬುದೂ ನನಗೆ ಹೊಳೆದಿರಲಿಲ್ಲ.

ಅಪ್ಪನ ಬಳಿ ಕೂತು ವಿಷಯ ಹೇಳಿದೆ. ಅವರು ಗೋಡೆಯ ಕಡೆ ನೋಡುತ್ತಿದ್ದರು.

"ಮೊದಲನೇ ದಿನವೇ ಗೊತ್ತಾಯ್ತು ಕಣಮ್ಮ, ನಾಲಿಗೆಗೆ ಸಿಗ್ತಿತ್ತು."

"ಯಾಕೆ ಹೇಳಲಿಲ್ಲ?"

"ಕೈಯೆಲ್ಲ ಬೊಬ್ಬೆ ಬಂದಿತ್ತಲ್ಲ ನಿನಗೆ."

ಆಮೇಲೆ ನಾನು ಏನು ಮಾಡಿಕೊಟ್ಟರೂ ಅಪ್ಪ ಎರಡು ತುತ್ತಿಗೆ ಸಾಕೆನ್ನುತ್ತಿದ್ದರು. ನಡೆದದ್ದನ್ನೆಲ್ಲ ಅಣ್ಣನಿಗೆ ಬರೆದೆ. ಆ ಕಾಗದ ತಲುಪಿದ ವಾರದಲ್ಲೇ ಅವನು ಬಂದ. ಬೈಯಲಿಲ್ಲ, ಬೈದಿದ್ದರೆ ಉತ್ತರ ಕೊಡಬಹುದಿತ್ತು. "ನೀನೂ ಹೊರಡು" ಎಂದಷ್ಟೇ ಹೇಳಿದ. ಅಪ್ಪ ತಲೆಯಾಡಿಸಿ, "ಅವಳು ಶಾಲೆ ಬಿಡೋದು ಬೇಡ" ಎಂದರು. ಗಾಡಿಯಲ್ಲಿ ಅಪ್ಪ ನನ್ನ ಕಡೆಯ ಕಿಟಕಿಯ ಪಕ್ಕವೇ ಕೂತಿದ್ದರು. ಬಿಸಿಲಿಗೋ ಏನೋ, ಕಣ್ಣು ಮುಚ್ಚಿಕೊಂಡಿದ್ದರು.

ಹದಿನೈದು ದಿನದ ಮೇಲೆ ಕಾಗದ ಬಂತು. ಹೊಟ್ಟೆನೋವು ವಾಸಿಯಾಗಿದೆ, ಅತ್ತಿಗೆ ಮಾಡಿದ ಮುದ್ದೆಯನ್ನು ಅಪ್ಪ ಎರಡು ಸಲ ಬಡಿಸಿಕೊಂಡು ಉಣ್ಣುತ್ತಿದ್ದಾರೆ ಎಂದು ಅಣ್ಣ ಬರೆದಿದ್ದ. ನನಗೆ ಸಂತೋಷವಾಯಿತು. ಆ ಸಂತೋಷವನ್ನು ಇಟ್ಟುಕೊಳ್ಳಲು ಎಲ್ಲೂ ಜಾಗ ಕಾಣಲಿಲ್ಲ. ಮಂಡ್ಯದಲ್ಲಿ ನಾನಿಲ್ಲದೆ ಅಪ್ಪನ ಊಟ ನಡೆಯುತ್ತಿತ್ತು, ಚಿತ್ತಾಪುರದಲ್ಲಿ ಉಣ್ಣಿಸಲು ಯಾರೂ ಇರಲಿಲ್ಲ. ಅಂದು ಸಂಜೆ ಶರಣಮ್ಮ ತಂದ ರೊಟ್ಟಿಯನ್ನು ಬೇಡವೆಂದೆ. ಅವರು ಅದನ್ನು ತಟ್ಟೆಯ ಮೇಲಿಟ್ಟು, "ಬ್ಯಾಡಂದ್ರ ಬ್ಯಾಡ. ಇಲ್ಲೇ ಇರ್ತದ" ಎಂದು ಹೋದರು.

ಮರುದಿನ ಬೆಳಿಗ್ಗೆ ಶಾಲೆಗೆ ಹೋಗುವ ಮುಂಚೆ ಮನೆಯ ಮಾಲೀಕರ ಬಳಿ ಹೋದೆ. ಬಾಡಿಗೆಯ ಕರಾರು ಅಪ್ಪನ ಹೆಸರಿನಲ್ಲಿತ್ತು. ಅದನ್ನು ನನ್ನ ಹೆಸರಿಗೆ ಮಾಡಿಕೊಡಿ ಎಂದು ಕೇಳಿದೆ. ಅವರು ಬಹಳ ಹೊತ್ತು ಯೋಚಿಸಿ, ಶರಣಮ್ಮನ ಮನೆಯವರನ್ನು ಕರೆಸಿ ವಿಚಾರಿಸಿ, ಕೊನೆಗೆ ಒಪ್ಪಿದರು. ಗುಮಾಸ್ತ ಉರ್ದುವಿನಲ್ಲಿ ಬರೆಯುತ್ತಾ ಲೇಖನಿ ನಿಲ್ಲಿಸಿ, "ಊರು ಯಾವುದು ಹಾಕ್ಲಿ ಬಾಯಾರ? ನಿಮ್ಮ ಅಪ್ಪಾರ್ದು ಮಂಡ್ಯ ಅಂತ ಅದ" ಎಂದ.

ಚಿತ್ತಾಪುರ ಎಂದು ಬರೆಸಿದೆ.